ಬಿಗಿದ ಸ್ನಾಯು, ಕಳವಳದ ಮನಸ್ಸು

ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನ ನಿಮ್ಮ ಭುಜ, ದವಡೆಗಳನ್ನು ಗಮನಿಸಿದ್ದೀರಾ? ನಿಮಗೆ ಅರಿವಿಲ್ಲದಂತೆಯೇ ಅವು ಬಿಗಿದಿರುತ್ತವೆ. ಭಯವಾದಾಗ ಅನುವೇದನಾ ನರವ್ಯೂಹ ಚುರುಕಾಗಿ ಅಡ್ರಿನಲಿನ್ ಸ್ರವಿಸುತ್ತದೆ. ಎದೆಬಡಿತ ಏರಿ, ಸ್ನಾಯುಗಳು ಓಟಕ್ಕೋ ಹೋರಾಟಕ್ಕೋ ಅಣಿಯಾಗುತ್ತವೆ. ಪರೀಕ್ಷಾ ಕೊಠಡಿಯಲ್ಲಿ ಎರಡಕ್ಕೂ ಅವಕಾಶವಿಲ್ಲ, ಬಿಗಿತವಷ್ಟೇ ಉಳಿಯುತ್ತದೆ.

ಮನಸ್ಸಿನ ಚಿಕಿತ್ಸೆಯನ್ನು ದೇಹದಿಂದಲೇ ಆರಂಭಿಸಬಹುದೆ? ಅದುಮಿಟ್ಟ ಭಾವನೆಗಳು ಸ್ನಾಯುಗಳಲ್ಲಿ ಕವಚದಂತೆ ಕೂರುತ್ತವೆ ಎಂದರು ಫ್ರಾಯ್ಡ್ ಬಳಗದಲ್ಲಿದ್ದ ವಿಲ್ಹೆಲ್ಮ್ ರೈಕ್. ಮುಂದೆ ಅವರು 'ಆರ್ಗೋನ್' ಎಂಬ ಶಕ್ತಿಯನ್ನು ಕಂಡುಹಿಡಿದುದಾಗಿ ಹೇಳಿ, ಅದನ್ನು ಸಂಗ್ರಹಿಸುವ ಪೆಟ್ಟಿಗೆಗಳನ್ನು ಹಂಚಿದರು. ಅಂಥ ಶಕ್ತಿಗೆ ಪುರಾವೆಯಿಲ್ಲ. 1954ರಲ್ಲಿ ಅಮೆರಿಕದ ನ್ಯಾಯಾಲಯ ಪೆಟ್ಟಿಗೆಗಳ ಸಾಗಾಟ ತಡೆಯಿತು. ಆದೇಶ ಮೀರಿ ಸೆರೆಮನೆ ಸೇರಿದ ರೈಕ್ 1957ರಲ್ಲಿ ಅಲ್ಲಿಯೇ ತೀರಿಕೊಂಡರು. (ಅವರ ಪುಸ್ತಕಗಳನ್ನೂ ಸುಡಿಸಿದ್ದು ಮಾತ್ರ ವಿಜ್ಞಾನದ ರೀತಿಯಲ್ಲ.)

ಶಿಕಾಗೋದ ಎಡ್ಮಂಡ್ ಜೇಕಬ್ಸನ್ ಹಿಡಿದ ದಾರಿ ಬೇರೆ. ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅವರು ಉಪಕರಣದಿಂದ ಅಳೆದರು. ಅವರ ವಿಧಾನ 1929ರಲ್ಲಿ ಪುಸ್ತಕವಾಯಿತು. ಅದರ ಇಂದಿನ ಸರಳ ರೂಪವನ್ನು ನೀವೇ ಮಾಡಿ ನೋಡಿ: ಮುಷ್ಟಿಯನ್ನು ಐದು ಸೆಕೆಂಡು ಬಿಗಿಹಿಡಿದು, ಒಮ್ಮೆಲೇ ಸಡಿಲಬಿಡಿ. ಇಪ್ಪತ್ತು ಸೆಕೆಂಡು ಆ ವ್ಯತ್ಯಾಸವನ್ನೇ ಗಮನಿಸಿ. ಬಳಿಕ ತೋಳು, ಭುಜ, ಮುಖ, ಕಾಲು. 1958ರಲ್ಲಿ ಜೋಸೆಫ್ ವೋಲ್ಪೆ ಇದನ್ನು ಭೀತಿಯ ಚಿಕಿತ್ಸೆಗೆ ಜೋಡಿಸಿದರು: ದೇಹ ಸಡಿಲಗೊಂಡಿರುವಾಗ, ಹೆದರಿಸುವ ಸಂಗತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಲ್ಪಿಸಿಕೊಳ್ಳುವುದು. ಇಂಥ ಸಡಿಲಿಕೆ ಆತಂಕವನ್ನು ತಗ್ಗಿಸುತ್ತದೆಂದು ನಿಯಂತ್ರಿತ ಪ್ರಯೋಗಗಳು ತೋರಿಸಿವೆ.

ಶಿಕ್ಷಕರು ತರಗತಿಯಲ್ಲಿ ಮಾಡಿಸುವಾಗ ಕಣ್ಣು ಮುಚ್ಚಲು ಒತ್ತಾಯಿಸಬಾರದು. ಕೆಲವರಿಗೆ ಸಡಿಲಗೊಳ್ಳುವುದೇ ಕಳವಳ ತರುತ್ತದೆ. ಊಟ, ನಿದ್ರೆ ಬಿಟ್ಟ ವಿದ್ಯಾರ್ಥಿಗೆ ಇದು ಸಾಲದು, ಮನೋವೈದ್ಯರ ಬಳಿಗೆ ಕಳುಹಿಸಬೇಕು.