ಸ್ಕಿಜೋಫ್ರೀನಿಯಾ: ರಕ್ತ ಪರೀಕ್ಷೆ ಏಕೆ, ಯಾವುದಕ್ಕೆ?

ಇಪ್ಪತ್ತು ವರ್ಷದ ಮಗ ಕಾಲೇಜು ಬಿಟ್ಟು ಕೋಣೆ ಸೇರಿದ್ದಾನೆ. ಸ್ನಾನ ಬೇಡ, ಊಟಕ್ಕೆ ಹೊತ್ತುಗೊತ್ತಿಲ್ಲ. ಎದುರುಮನೆಯವರು ತನ್ನ ವಿಷಯವನ್ನೇ ಆಡಿಕೊಳ್ಳುತ್ತಾರೆ, ಟೀವಿಯಲ್ಲಿ ತನಗೇ ಸಂಜ್ಞೆ ಬರುತ್ತದೆ ಎನ್ನುತ್ತಾನೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಯಾರಿಗೋ ಉತ್ತರ ಕೊಡುತ್ತಾನೆ. ಹರಕೆ, ತಾಯಿತ ಎಲ್ಲ ಮುಗಿದು ತಿಂಗಳುಗಳ ಮೇಲೆ ಮನೋವೈದ್ಯರ ಬಳಿ ಕರೆದೊಯ್ಯುತ್ತೀರಿ. ಅವರು ಮಗನನ್ನೂ ನಿಮ್ಮನ್ನೂ ಮಾತಾಡಿಸಿ, ಇದು ಸ್ಕಿಜೋಫ್ರೀನಿಯಾ, ಅಂದರೆ ಚಿತ್ತವಿಕಲತೆ ಎನ್ನುತ್ತಾರೆ. ಆಗ ಬಹುತೇಕ ಎಲ್ಲ ತಂದೆತಾಯಿಯರೂ ಕೇಳುವುದು ಒಂದೇ: "ಬರೀ ಮಾತಾಡ್ಸಿ ಹೇಗೆ ಹೇಳ್ತೀರಿ ಡಾಕ್ಟ್ರೇ? ಒಂದು ಬ್ಲಡ್ ಟೆಸ್ಟ್ ಮಾಡಿಸಿ ನೋಡಬಾರದೆ?"

ಪ್ರಶ್ನೆ ನ್ಯಾಯವಾದದ್ದೇ. ಸಕ್ಕರೆ ಕಾಯಿಲೆ, ಕಾಮಾಲೆ, ಮಲೇರಿಯಾ ಎಲ್ಲವೂ ರಕ್ತದಲ್ಲಿ ಗೊತ್ತಾಗುತ್ತವೆ. ಜೀವನವನ್ನೇ ಬದಲಿಸುವ ಇಂಥ ಕಾಯಿಲೆಗೆ ಕಾಗದದ ಮೇಲೆ ಒಂದು ಅಂಕಿ ಬೇಡವೇ? ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಸ್ಕಿಜೋಫ್ರೀನಿಯಾ ಇದೆ ಅಥವಾ ಇಲ್ಲ ಎಂದು ಖಚಿತವಾಗಿ ಹೇಳುವ ರಕ್ತ ಪರೀಕ್ಷೆ ಇಂದಿಗೂ ಇಲ್ಲ. ಆದರೂ ಈ ಕಾಯಿಲೆಯವರ ರಕ್ತ ಪರೀಕ್ಷೆ ಮಾಡಿಸಲೇಬೇಕು. ಅದರ ಕಾರಣಗಳು ಬೇರೆ.

ಎಪ್ಪತ್ತು ವರ್ಷಗಳ ಹುಡುಕಾಟ

ರಕ್ತದಲ್ಲಿ ಹುಡುಕುವ ಆಸೆ ಹುಟ್ಟಿಸಿದ್ದು ಇನ್ನೊಂದು ರೋಗ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಅನೇಕರು ನಿಜವಾಗಿ ಸಿಫಿಲಿಸ್ ಎಂಬ ಗುಹ್ಯರೋಗ ಮಿದುಳಿಗೇರಿದವರಾಗಿದ್ದರು. 1906ರಲ್ಲಿ ಜರ್ಮನಿಯ ವಾಸರ್‌ಮನ್ ಸಿಫಿಲಿಸ್ಸಿಗೆ ರಕ್ತ ಪರೀಕ್ಷೆ ರೂಪಿಸಿದರು. 1913ರಲ್ಲಿ ನೊಗುಚಿ ಎಂಬ ಜಪಾನಿ ವಿಜ್ಞಾನಿ ಅಂಥ ರೋಗಿಗಳ ಮಿದುಳಿನಲ್ಲೇ ರೋಗಾಣುವನ್ನು ತೋರಿಸಿದರು. ಮುಂದೆ ಪೆನಿಸಿಲಿನ್ ಬಂದು ಆ ಬಗೆಯ ಹುಚ್ಚು ಅಪರೂಪವಾಯಿತು. ಒಂದು ರಕ್ತದಲ್ಲಿ ಸಿಕ್ಕ ಮೇಲೆ ಉಳಿದವೂ ಸಿಕ್ಕಾವು ಎಂದು ವಿಜ್ಞಾನಿಗಳು ನಂಬಿದರು.

ಸಿಕ್ಕಿತೆಂದು ಹಲವರು ಘೋಷಿಸಿಯೂ ಇದ್ದರು. 1950ರ ದಶಕದಲ್ಲಿ ಅಮೆರಿಕದ ರಾಬರ್ಟ್ ಹೀತ್, ರೋಗಿಗಳ ರಕ್ತದಿಂದ ತೆಗೆದ 'ಟರಾಕ್ಸೀನ್' ಎಂಬ ವಸ್ತುವನ್ನು ಆರೋಗ್ಯವಂತರಿಗೆ ಚುಚ್ಚಿದರೆ ಅವರಲ್ಲೂ ರೋಗಲಕ್ಷಣ ಕಾಣುತ್ತದೆ ಎಂದರು. ಬೇರೆ ಪ್ರಯೋಗಾಲಯಗಳಲ್ಲಿ ಅದು ಸಾಬೀತಾಗಲಿಲ್ಲ. 1957ರಲ್ಲಿ ಸ್ವೀಡನ್ನಿನ ಆಕರ್‌ಫೆಲ್ಟ್ ರಕ್ತದ ಬಣ್ಣ ಪರೀಕ್ಷೆಯೊಂದನ್ನು ಪ್ರಕಟಿಸಿದಾಗ ಪತ್ರಿಕೆಗಳಲ್ಲೆಲ್ಲ ಅದರದೇ ಸುದ್ದಿ. ಕೊನೆಗೆ ತಿಳಿದದ್ದೇನು? ವ್ಯತ್ಯಾಸಕ್ಕೆ ಮುಖ್ಯ ಕಾರಣ ಸಿ ಜೀವಸತ್ವದ ಕೊರತೆ. ವರ್ಷಗಟ್ಟಲೆ ಆಸ್ಪತ್ರೆಯ ಸಪ್ಪೆ ಊಟ ಉಂಡವರ ರಕ್ತವದು. ಪರೀಕ್ಷೆ ಅಳೆದದ್ದು ರೋಗವನ್ನಲ್ಲ, ಅಡುಗೆಮನೆಯನ್ನು! 2010ರಲ್ಲಿ ರಕ್ತದ 51 ಅಂಶಗಳನ್ನು ಅಳೆಯುವ ಪರೀಕ್ಷೆಯೊಂದು ಅಮೆರಿಕದಲ್ಲಿ ಮಾರಾಟಕ್ಕೇ ಬಂತು. ಅದೂ ಹೆಚ್ಚು ಕಾಲ ನಿಲ್ಲಲಿಲ್ಲ.

ಇಂದಿನ ಸಂಶೋಧನೆ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಸ್ಕಿಜೋಫ್ರೀನಿಯಾ ಇರುವವರ ಗುಂಪಿನಲ್ಲಿ ಸಿ.ಆರ್.ಪಿ., ಇಂಟರ್‌ಲ್ಯೂಕಿನ್-6 ಮುಂತಾದ ಉರಿಯೂತದ ಸೂಚಕಗಳ ಸರಾಸರಿ ತುಸು ಹೆಚ್ಚಿರುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ಮಕ್ಕಳನ್ನು ಹುಟ್ಟಿನಿಂದಲೂ ಗಮನಿಸುತ್ತ ಬಂದ ಅಧ್ಯಯನವೊಂದಿದೆ. 9ನೇ ವಯಸ್ಸಿನಲ್ಲಿ ಇಂಟರ್‌ಲ್ಯೂಕಿನ್-6 ಹೆಚ್ಚಿದ್ದ ಮಕ್ಕಳಲ್ಲಿ 18ರ ಹೊತ್ತಿಗೆ ಭ್ರಮೆಯಂಥ ಅನುಭವಗಳು ಹೆಚ್ಚಾಗಿ ಕಂಡವೆಂದು ಅದು 2014ರಲ್ಲಿ ವರದಿ ಮಾಡಿತು.

ಹಾಗಾದರೆ ನಮ್ಮ ಮಗನ ಸಿ.ಆರ್.ಪಿ. ನೋಡಿ ಹೇಳಬಾರದೇ ಎನ್ನುತ್ತೀರಿ. ಗಂಡಸರ ಸರಾಸರಿ ಎತ್ತರ ಹೆಂಗಸರದಕ್ಕಿಂತ ಹೆಚ್ಚು, ನಿಜ. ಆದರೆ ಪರದೆಯ ಹಿಂದೆ ನಿಂತವರ ಎತ್ತರ ಐದು ಅಡಿ ನಾಲ್ಕಂಗುಲ ಎಂದಷ್ಟೇ ಹೇಳಿದರೆ ಗಂಡೋ ಹೆಣ್ಣೋ ಎಂದು ಹೇಳಬಲ್ಲಿರಾ? ಸಿ.ಆರ್.ಪಿ. ಹಲ್ಲಿನ ಕೀವಿಗೂ ಏರುತ್ತದೆ, ಬೊಜ್ಜಿಗೂ ಏರುತ್ತದೆ, ಬೀಡಿಗೂ ಏರುತ್ತದೆ.

ಲೆಕ್ಕವನ್ನೂ ನೋಡಿ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸ್ಕಿಜೋಫ್ರೀನಿಯಾ ಮತ್ತು ಅದರ ಜಾತಿಯ ತೀವ್ರ ಕಾಯಿಲೆ ಇರುವವರು ಸಾವಿರಕ್ಕೆ ಸುಮಾರು ನಾಲ್ಕು ಮಂದಿ. ನೂರಕ್ಕೆ ತೊಂಬತ್ತು ಪಾಲು ಸರಿ ಹೇಳುವ ರಕ್ತ ಪರೀಕ್ಷೆ ನಾಳೆ ಬಂತೆಂದೇ ಇಟ್ಟುಕೊಳ್ಳಿ. ಸಾವಿರ ಜನರಿಗೆ ಮಾಡಿದರೆ ಆ ನಾಲ್ವರು ಸಿಕ್ಕಾರು. ಜೊತೆಗೆ ಏನೂ ಇಲ್ಲದ ನೂರು ಮಂದಿಯ ಹಣೆಗೂ ಅದೇ ಚೀಟಿ ಅಂಟೀತು. ಸಂಬಂಧ ಕುದುರಿಸುವ ಮುನ್ನ ಹುಡುಗನ ರಕ್ತವನ್ನೋ ಜೀನುಗಳನ್ನೋ ಪರೀಕ್ಷಿಸಬಹುದೇ ಎಂದು ಕೇಳುವವರಿದ್ದಾರೆ. 2022ರ ದೊಡ್ಡ ಅಧ್ಯಯನವೊಂದು ಈ ಕಾಯಿಲೆಗೆ ನಂಟಿರುವ 287 ಜೀನು ತಾಣಗಳನ್ನು ಗುರುತಿಸಿತು. ಒಂದೊಂದರ ಪಾತ್ರವೂ ಅತಿ ಸಣ್ಣದು. ಒಂದೇ ರೂಪದ ಅವಳಿಗಳಲ್ಲೇ ಒಬ್ಬನಿಗೆ ಬಂದರೆ ಇನ್ನೊಬ್ಬನಿಗೆ ಬರುವ ಸಾಧ್ಯತೆ ಅರ್ಧದಷ್ಟನ್ನೂ ಮೀರುವುದಿಲ್ಲ. ಅಂಥ ಪರೀಕ್ಷೆಗೆ ದುಡ್ಡು ಸುರಿಯಬೇಡಿ.

ಬೇರೆ ರೋಗ ಅಡಗಿದ್ದರೆ

ಮೊದಲ ಬಾರಿ ಲಕ್ಷಣ ಕಂಡಾಗ ವೈದ್ಯರು ರಕ್ತ ತೆಗೆಸುವುದು ಮತ್ತೊಂದು ರೋಗ ಸ್ಕಿಜೋಫ್ರೀನಿಯಾದ ವೇಷ ಹಾಕಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ಥೈರಾಯಿಡ್ ತೀರ ಕುಗ್ಗಿದರೂ ಬುದ್ಧಿಭ್ರಮಣೆ ಆಗಬಹುದೆಂದು ಲಂಡನ್ನಿನ ರಿಚರ್ಡ್ ಆಶರ್ 1949ರಲ್ಲೇ 14 ರೋಗಿಗಳ ಉದಾಹರಣೆ ಕೊಟ್ಟು ಬರೆದಿದ್ದರು. ಬಿ-12 ಕೊರತೆ, ಸಿಫಿಲಿಸ್, ಎಚ್.ಐ.ವಿ. ಕೂಡ ಹಾಗೆ ಮಾಡಬಲ್ಲವು. ಇವೆಲ್ಲ ಅಪರೂಪ, ಆದರೆ ಸಿಕ್ಕರೆ ಚಿಕಿತ್ಸೆಯ ದಾರಿಯೇ ಬೇರೆ.

ಇನ್ನೊಂದನ್ನು ಮನೆಯವರು ನೆನಪಿಟ್ಟುಕೊಳ್ಳಬೇಕು. ದೇಹದ ಪ್ರತಿಕಾಯಗಳೇ ಮಿದುಳಿನ ಮೇಲೆ ತಿರುಗಿಬೀಳುವ ಒಂದು ರೋಗವನ್ನು 2007ರಲ್ಲಿ ಜೋಸೆಪ್ ಡಾಲ್ಮಾವ್ ಮತ್ತು ಸಂಗಡಿಗರು ವಿವರಿಸಿದರು. ಹೆಚ್ಚಾಗಿ ಎಳೆಯ ಹೆಣ್ಣುಮಕ್ಕಳಲ್ಲಿ, ಕೆಲವೊಮ್ಮೆ ಅಂಡಾಶಯದ ಗೆಡ್ಡೆಯ ಜೊತೆ ಕಾಣುವಂಥದು. ಚೆನ್ನಾಗಿದ್ದ ಹುಡುಗಿ ಕೆಲವೇ ದಿನಗಳಲ್ಲಿ ಅಸಂಬದ್ಧವಾಗಿ ಮಾತಾಡತೊಡಗಿ, ಜೊತೆಗೆ ಜ್ವರ, ಫಿಟ್ಸ್, ಬಾಯಿ-ಮುಖದ ವಿಚಿತ್ರ ಚಲನೆ, ಮಂಪರು ಕಂಡರೆ ಅದನ್ನು ಗಾಳಿ ಸೋಕಿದ್ದೆಂದೋ ಬರೀ ಮಾನಸಿಕವೆಂದೋ ಬಿಡದೆ ಅಂದೇ ದೊಡ್ಡ ಆಸ್ಪತ್ರೆಗೆ ಸೇರಿಸಿ. ಅಲ್ಲಿ ರಕ್ತದೊಂದಿಗೆ ಬೆನ್ನಿನ ನೀರನ್ನೂ ಪರೀಕ್ಷಿಸುತ್ತಾರೆ. ಬೆನ್ನಿಗೆ ಸೂಜಿ ಎಂದೊಡನೆ ಬೇಡವೆನ್ನಬೇಡಿ. ಬೇಗ ಚಿಕಿತ್ಸೆ ಸಿಕ್ಕರೆ ಬಹಳ ಮಂದಿ ಚೇತರಿಸಿಕೊಳ್ಳುತ್ತಾರೆ.

ಮಾತ್ರೆ ಶುರುವಾದ ಮೇಲೆ

ನನ್ನ ದೃಷ್ಟಿಯಲ್ಲಿ ರಕ್ತ ಪರೀಕ್ಷೆಯ ನಿಜವಾದ ಉಪಯೋಗ ಇಲ್ಲಿದೆ, ನಮ್ಮಲ್ಲಿ ಹೆಚ್ಚು ಉದಾಸೀನವೂ ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ತೀವ್ರ ಮಾನಸಿಕ ಕಾಯಿಲೆ ಇರುವವರು ಇತರರಿಗಿಂತ 10ರಿಂದ 20 ವರ್ಷ ಮುಂಚೆ ತೀರಿಕೊಳ್ಳುತ್ತಾರೆ. ಆತ್ಮಹತ್ಯೆಯೊಂದೇ ಕಾರಣವೆಂದು ತಿಳಿಯಬೇಡಿ. ಹೃದಯಾಘಾತ, ಸಕ್ಕರೆ ಕಾಯಿಲೆಗಳ ಪಾಲೇ ದೊಡ್ಡದು. ಬೀಡಿ ಸಿಗರೇಟು, ನಡಿಗೆಯಿಲ್ಲದ ದಿನಚರಿ, ಜೊತೆಗೆ ಕೆಲವು ಮಾತ್ರೆಗಳು. ಒಲಾಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರ ಹಸಿವು ಹೆಚ್ಚಿ, ತೂಕ, ಸಕ್ಕರೆ, ಕೊಬ್ಬು ಏರಬಹುದು. "ಈಗ ಚೆನ್ನಾಗಿ ಊಟ ಮಾಡ್ತಾನೆ, ಮೈ ಕೈ ತುಂಬಿಕೊಂಡಿದ್ದಾನೆ" ಎಂದು ತಾಯಿ ಸಂತೋಷಪಡುತ್ತಾರೆ. ಅಷ್ಟರಲ್ಲಿ ಪ್ಯಾಂಟಿನ ಅಳತೆ ಎರಡು ಸಲ ಬದಲಾಗಿರುತ್ತದೆ.

ಆದ್ದರಿಂದ ಮಾತ್ರೆ ಶುರು ಮಾಡುವ ಮುನ್ನ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ, ನಂತರ ಕನಿಷ್ಠ ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಎಚ್‌ಬಿಎ1ಸಿ, ಕೊಲೆಸ್ಟರಾಲ್, ರಕ್ತದೊತ್ತಡ ನೋಡಿಸಿ. ಮನೆಯಲ್ಲಿ ಟೇಪು ಹಿಡಿದು ಸೊಂಟ ಅಳೆಯಿರಿ. ನಮ್ಮ ಜನರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ದಾಟಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ರೋಗ ಮರುಕಳಿಸಿದರೆ ಹಿಂದಿನ ಸ್ಥಿತಿಗೆ ತರುವುದು ಕಷ್ಟ. ವೈದ್ಯರಿಗೆ ತಿಳಿಸಿ, ಮಾತ್ರೆ ಬದಲಿಸುವ ದಾರಿಯಿದೆ.

ಕ್ಲೋಜಪಿನ್ನಿನದು ಬೇರೆಯೇ ಕಥೆ. ಬೇರೆ ಮಾತ್ರೆಗಳಿಗೆ ಬಗ್ಗದವರಿಗೆ ಇದರಷ್ಟು ಒಳ್ಳೆಯ ಔಷಧಿ ಇನ್ನೊಂದಿಲ್ಲ. ಆದರೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. 1975ರಲ್ಲಿ ಫಿನ್ಲೆಂಡಿನಲ್ಲಿ ಇದರಿಂದ ಹಲವರು ಸತ್ತು, ಔಷಧಿ ಮೂಲೆ ಸೇರಿತ್ತು. ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಸಿಕ್ಕಿದ್ದು ನಿಯಮಿತ ರಕ್ತ ಪರೀಕ್ಷೆಯ ಷರತ್ತಿನ ಮೇಲೆ. ಸಾಮಾನ್ಯ ರೂಢಿ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ. ಅಪಾಯ ಹೆಚ್ಚಿರುವುದು ಆ ಮೊದಲ ತಿಂಗಳುಗಳಲ್ಲೇ. "ಪ್ರತಿ ವಾರ ಸೂಜಿ, ಪ್ರತಿ ವಾರ ಬಸ್ ಚಾರ್ಜು" ಎಂಬ ಬೇಸರ ಸಹಜ. ಆದರೂ ತಪ್ಪಿಸಬೇಡಿ. ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲುನೋವು ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಸಿ ಮಲಗಿಸದೆ ಅಂದೇ ಬಿಳಿ ಕಣಗಳ ಎಣಿಕೆ ಮಾಡಿಸಿ, ವೈದ್ಯರಿಗೆ ಫೋನು ಮಾಡಿ.

ಬೀಡಿ ಸೇದುವವರ ಮೈಯಲ್ಲಿ ಕ್ಲೋಜಪಿನ್ ಬೇಗ ಕರಗಿಹೋಗುತ್ತದೆ. ಹಠಾತ್ತನೆ ಬಿಟ್ಟರೆ ರಕ್ತದಲ್ಲಿ ಅದರ ಮಟ್ಟ ಏರಿ ತೂಕಡಿಕೆ, ಫಿಟ್ಸ್ ಬರಬಹುದು. ಬೀಡಿ ಬಿಡಲೇಬೇಕು, ಆದರೆ ಮೊದಲೇ ವೈದ್ಯರಿಗೆ ಹೇಳಿ ಬಿಡಿಸಿ.

ಹೆಣ್ಣುಮಕ್ಕಳ ವಿಷಯದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಮರೆಯಬೇಡಿ. ರಿಸ್ಪೆರಿಡೋನ್, ಅಮಿಸಲ್ಪ್ರೈಡ್ ಮಾತ್ರೆಗಳು ಇದನ್ನು ಏರಿಸುತ್ತವೆ. ಮುಟ್ಟು ನಿಲ್ಲುತ್ತದೆ, ಮೊಲೆಯಲ್ಲಿ ಹಾಲು ಕಾಣುತ್ತದೆ. ಮದುವೆಯಾಗದ ಹುಡುಗಿಯಾದರೆ ಮನೆಯಲ್ಲಿ ಏಳುವ ಅನುಮಾನವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಅವಳು ನಾಚಿಕೊಂಡು ಗುಟ್ಟಾಗಿ ಮಾತ್ರೆ ಬಿಡುತ್ತಾಳೆ, ಎರಡು ತಿಂಗಳಿಗೆ ಕಾಯಿಲೆ ಮರಳುತ್ತದೆ. ತಾಯಂದಿರು ಮುಟ್ಟಿನ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಟ್ಟುಕೊಂಡು ವೈದ್ಯರಿಗೆ ಸಂಕೋಚವಿಲ್ಲದೆ ತೋರಿಸಿ. ಅವರು ಬೇಕಾದರೆ ಗರ್ಭ ಪರೀಕ್ಷೆ ಮಾಡಿಸಿ, ಪ್ರೊಲ್ಯಾಕ್ಟಿನ್ ಅಳೆಸಿ, ಮಾತ್ರೆಯ ಪ್ರಮಾಣ ಇಳಿಸುತ್ತಾರೆ ಅಥವಾ ಬೇರೆ ಮಾತ್ರೆ ಕೊಡುತ್ತಾರೆ. ಮನೋವೈದ್ಯರು ದೂರವಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ವಿಚಾರಿಸಬಹುದು; ಅದಕ್ಕೆ ಖರ್ಚಿಲ್ಲ.