ಮೊಬೈಲು-ಚಾರ್ಜರಿಗೊಂದು ಪುಟ್ಟ ಚೀಲ

ಊರಿಗೆ ಹೊರಟಾಗ ಫೋನು, ಚಾರ್ಜರು, ಪವರ್ ಬ್ಯಾಂಕು ಎಲ್ಲವನ್ನೂ ಸೀರೆಗಳ ನಡುವೆ ತುರುಕುತ್ತೀರಲ್ಲವೇ? ಬೇಡಿ, ಅವಕ್ಕೊಂದು ಚೀಲ ಬೇರೆಯೇ ಇರಲಿ. ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗುವ ಮೊದಲು ಜಿಪ್ ನಾಲ್ಕು ಸಲ ಎಳೆದು ನೋಡಿ. ಒಳಗೆ ಮೆತ್ತನೆಯ ಅಸ್ತರಿ, ಎರಡು ಖಾನೆ ಇರಲೇಬೇಕು. ಪವರ್ ಬ್ಯಾಂಕಿನ ಜೊತೆ ಬೀಗದ ಕೈ, ಚಿಲ್ಲರೆ, ಹೇರ್‌ಪಿನ್ನು ಹಾಕಬೇಡಿ. ಲೋಹ ತಗುಲಿ ಶಾರ್ಟ್ ಆದರೆ ಬೆಂಕಿಯೇ ಹೊತ್ತೀತು!

ವಿಮಾನದಲ್ಲಂತೂ ಪವರ್ ಬ್ಯಾಂಕನ್ನು ದೊಡ್ಡ ಪೆಟ್ಟಿಗೆಯಲ್ಲಿಟ್ಟು ಒಪ್ಪಿಸುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಕೆಳಗಿನ ಸಾಮಾನಿನ ಗೂಡಲ್ಲಿ ಹೊಗೆಯೆದ್ದರೆ ಕೈಗೆ ಸಿಗೋದು ಹೇಗೆ, ಹೇಳಿ? 20,000 ಎಂ.ಎ.ಎಚ್. ಎಂದು ಬರೆದದ್ದು ಸುಮಾರು 74 ವ್ಯಾಟ್-ಅವರ್, 100ರವರೆಗೆ ಅಡ್ಡಿಯಿಲ್ಲ.

ಹಳೇ ಜೀನ್ಸ್ ಪ್ಯಾಂಟಿನ ಕಾಲಿದ್ದರೆ ಮನೆಯಲ್ಲೇ ಹೊಲಿದುಕೊಳ್ಳಿ, ಒಳಗೆ ಫ್ಲಾನೆಲ್ ಎರಡು ಪದರ ಕೊಡಿ. ಚಾರ್ಜಿಗೆ ಹಾಕುವಾಗ ಮಾತ್ರ ಎಲ್ಲವನ್ನೂ ಚೀಲದಿಂದ ಹೊರಗಿಡಿ, ಬಿಸಿ ಹೋಗಬೇಕಲ್ಲ!