ಊದುತ್ತಿರಲಿಲ್ಲ, ಕಚ್ಚುತ್ತಿದ್ದೆ!

ವೀಕೆಂಡ್ ಸ್ಯಾಕ್ಸೊಫೋನ್ ಕ್ಲಾಸಿಗೆ ಸೇರಿ ಎರಡು ವರ್ಷ. ತಾರಸ್ಥಾಯಿ ಮುಟ್ಟಿದರೆ ಸಾಕು, ಶ್ರುತಿ ಏರಿಬಿಡೋದು. ಅರ್ಧ ಗಂಟೆಗೆ ಕೆಳದುಟಿಯ ಒಳಗೆ ಹಲ್ಲಿನ ಗುರುತು. ಮರುದಿನ ಆಫೀಸಲ್ಲಿ ಬಿಸಿ ಕಾಫಿ ಕುಡಿಯೋಕೂ ಉರಿ. ಬಿಟ್ಟೇಬಿಡೋಣ ಅಂತಿದ್ದೆ.

ಮಂಗಳೂರು ಕಡೆಯ ನಮ್ಮ ಮೇಷ್ಟ್ರು ತುಟಿ ನೋಡಿ, "ನೀನು ಊದುದಲ್ಲ ಮಾರಾಯ, ಕಚ್ಚುದು" ಅಂದರು.

ಸಾಮಾನ್ಯವಾಗಿ ಮೇಲ್ಹಲ್ಲನ್ನು ಮೌತ್‌ಪೀಸ್ ಮೇಲೆ ಊರಿ, ಕೆಳದುಟಿಯನ್ನು ಕೆಳಹಲ್ಲಿನ ಮೇಲೆ ಮಡಚಿ ರೀಡಿಗೆ ತಾಗಿಸುತ್ತೇವೆ. ಮೇಲ್ದುಟಿಯನ್ನೂ ಹಲ್ಲಿನಡಿ ಮಡಚು ಎಂದರು ಅವರು. ನಾಗಸ್ವರದವರು ಪೀಪಿಯನ್ನು ಹಿಡಿಯೋದು ಎರಡೂ ತುಟಿಯಲ್ಲೇ. ಬಾಸ್ಟನ್ ಸಿಂಫನಿಯ ಕ್ಲಾರಿನೆಟ್ ವಾದಕ ಹೆರಾಲ್ಡ್ ರೈಟ್ ನುಡಿಸುತ್ತಿದ್ದದ್ದೂ ಹೀಗೇ.

ಕಚ್ಚಿದರೆ ಮೇಲ್ದುಟಿಗೇ ನೋವು, ಹಾಗಾಗಿ ಕಚ್ಚೋಕಾಗಲ್ಲ. ರೀಡ್ ಅದುರಲು ಜಾಗ ಸಿಕ್ಕಿ ನಾದ ಬಿಚ್ಚಿಕೊಂಡಿತು. ಆದರೆ ಐದೇ ನಿಮಿಷಕ್ಕೆ ತುಟಿ ಸೋತು, ಬಾಯಂಚಲ್ಲಿ ಗಾಳಿ ಸೋರಿತು.

ಮನೆಯಲ್ಲಿದ್ದ ಕ್ಲಾರಿನೆಟ್ಟಿನಲ್ಲೂ ನೋಡಿದೆ. ಸ್ಯಾಕ್ಸೊಫೋನಿನ ಭಾರವನ್ನು ಕೊರಳಪಟ್ಟಿ ಹೊರುತ್ತೆ. ಕ್ಲಾರಿನೆಟ್ ನಿಲ್ಲೋದು ಬಲ ಹೆಬ್ಬೆರಳ ಮೇಲೆ. ಮೇಲ್ಹಲ್ಲಿನ ಆಸರೆ ಹೋದದ್ದೇ ಅಲ್ಲಾಡತೊಡಗಿತು. ಕೂತು, ಅದರ ತುದಿಯನ್ನು ಮೊಣಕಾಲಿಗೆ ಆನಿಸಿಕೊಂಡ ಮೇಲೆ ಸರಿಹೋಯ್ತು.

ಎರಡು ತಿಂಗಳಾಯ್ತು. ಈಗ ದಿನಾ ಮೊದಲ ಹತ್ತು ನಿಮಿಷ ಎರಡು ತುಟಿ, ಆಮೇಲೆ ಹಳೇ ಹಿಡಿತ. ಹಲ್ಲು ಮತ್ತೆ ಮೌತ್‌ಪೀಸ್ ಮೇಲೆ ಕೂತರೂ ದವಡೆ ಸಡಿಲವಾಗೇ ಇರುತ್ತೆ. ನಿಮಗೂ ತುಟಿ ನೋಯ್ತಿದ್ರೆ ಹೀಗೊಮ್ಮೆ ನೋಡಿ. ನೋವು ಜಾಸ್ತಿಯಾದರೆ ಮಾತ್ರ ನಿಲ್ಲಿಸಿಬಿಡಿ.

ಮೊನ್ನೆ ಅಕ್ಕನ ಮಗುವಿನ ನಾಮಕರಣದಲ್ಲಿ ಮೋಹನ ರಾಗ ನುಡಿಸಿದೆ. ಮೇಲಿನ ಷಡ್ಜ ತಂಬೂರಿಗೆ ಸೇರಿತು. ಮಗು ಅಳಲಿಲ್ಲ. ಸೋಮವಾರದ ಕಾಫಿಯೂ ಉರಿಯಲಿಲ್ಲ.